ಬೇಗೂರಿನಲ್ಲೊಂದು ದೋಣಿ

ಮೈಸೂರಿನಿಂದ ಊಟಿಯ ದಾರಿ ಹಿಡಿದು ಹೋಗುವವರಲ್ಲಿ ಬೇಗೂರನ್ನು ನೋಡುವುದಕ್ಕೆಂದೇ ಹೋಗುವವರು ಯಾರೂ ಇರಲಾರರು. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನ. ಮುಂದೆ ಗುಂಡ್ಲುಪೇಟೆ, ಬಂಡೀಪುರದ ಕಾಡು, ಅದರಾಚೆಗೆ ನೀಲಗಿರಿ. ಇವುಗಳ ನಡುವೆ ಬೇಗೂರೆಂಬುದು ಬಸ್ಸು ಐದು ನಿಮಿಷ ನಿಲ್ಲುವ ಊರು. ಒಂದು ಲೋಟ ಕಾಫಿಯ ಊರು. ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹೋಬಳಿಗೆ ಮುಖ್ಯಸ್ಥಳವಾದ ಈ ಊರು ನಮಗೆ ಮಾತ್ರ ಇಪ್ಪತ್ತು ವರ್ಷಗಳಿಂದ ಪರಿಚಿತವಾದುದು. ನಮ್ಮ ಅಕ್ಕನನ್ನು ಕೊಟ್ಟ ಮನೆ ಆ ಹೋಬಳಿಯ ಒಂದು ಹಳ್ಳಿಯಲ್ಲಿದೆ. ಆದರೂ ಆ ಸೀಮೆಯ ವಿಷಯವಾಗಿ ವಾಚಕರಿಗೆ ಹೇಳತಕ್ಕ ಸಂಗತಿಯೊಂದುಂಟೆಂದು ಕಳೆದ ದಸರಾ ರಜೆಯವರೆಗೆ ನಮಗೆ ತೋರಿರಲಿಲ್ಲ. ಆ ಸಂಗತಿ ಒಂದು ದೋಣಿಯದು.

ಬೇಗೂರಿಗೂ ದೋಣಿಗೂ ಏನು ಸಂಬಂಧವೆಂದು ಆ ನೆಲವನ್ನು ಬಲ್ಲವರು ನಗಬಹುದು. ಮುಂಗಾರಿನ ಮೋಡಗಳೆಲ್ಲ ಪಶ್ಚಿಮದ ಬೆಟ್ಟಗಳ ಮೇಲೆಯೇ ಭಾರವನ್ನಿಳಿಸಿ, ಈ ಕಡೆಗೆ ಬರುವಷ್ಟರಲ್ಲಿ ಹಗುರವಾಗಿಬಿಡುತ್ತವೆ. ಇದು ಮಳೆಯ ನೆರಳಿನ ಪ್ರದೇಶ. ಜೋಳ, ರಾಗಿ, ಹುರುಳಿಗಳ ಸೀಮೆ. ಈಗ ಕೊಳವೆಬಾವಿಗಳ ಬಲದಿಂದ ಅರಿಶಿನ, ಬಾಳೆ, ಸಣ್ಣ ಈರುಳ್ಳಿ, ಚೆಂಡುಹೂವುಗಳನ್ನು ಬೆಳೆಯುತ್ತಾರೆ. ಕೆರೆಗಳೇನೋ ಹಿಂದಿನಿಂದಲೂ ಉಂಟು. ಆದರೆ ನಮ್ಮ ಅಕ್ಕನ ಮದುವೆಯ ಕಾಲದಲ್ಲಿ ಅವಳ ಊರಿನ ಕೆರೆಯಂಗಳದಲ್ಲಿ ಹುಡುಗರು ಚೆಂಡಾಡುತ್ತಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ತೂಬಿನ ಕಲ್ಲಿನ ಮೇಲೆ ಕುಳಿತು ಮೇಕೆ ಕಾಯುವವರು ಬೀಡಿ ಸೇದುತ್ತಿದ್ದರು. ಇಂತಹ ಕಡೆಯಲ್ಲಿ ದೋಣಿಯೆಂದರೆ ನಗೆಯ ಮಾತೇ ಸರಿ.

ಈಚೆಗೆ ಆ ಸ್ಥಿತಿ ಬದಲಾಯಿತು. ನಂಜನಗೂಡು ತಾಲ್ಲೂಕಿನ ಆಲಂಬೂರಿನ ಬಳಿ ಕಪಿಲೆಯ ನೀರನ್ನು ಯಂತ್ರಗಳಿಂದ ಮೇಲಕ್ಕೆತ್ತಿ, ಕೊಳವೆಗಳ ಮೂಲಕ ಚಾಮರಾಜನಗರ ಗುಂಡ್ಲುಪೇಟೆ ತಾಲ್ಲೂಕುಗಳ ಕೆರೆಗಳಿಗೆ ತುಂಬಿಸುವ ಯೋಜನೆ ಜಾರಿಗೆ ಬಂದಿತು. ಕಪಿಲೆಯೆಂದರೂ ಕಬಿನಿಯೆಂದರೂ ಒಂದೇ ಹೊಳೆ. ಕಳೆದ ಬಾರಿ ನಂಜನಗೂಡಿನಲ್ಲಿ ಬಸ್ಸು ಆ ಹೊಳೆಯನ್ನು ದಾಟುವಾಗ, ೧೭೩೫ರಲ್ಲಿ ಕಟ್ಟಿದ ಹಳೆಯ ಕಲ್ಲುಸೇತುವೆಯನ್ನು ಮಕ್ಕಳಿಗೆ ತೋರಿಸಿ, “ಈ ನೀರೇ ಅತ್ತೆಯ ಊರಿನ ಕೆರೆಗೂ ಹೋಗುತ್ತದೆ” ಎಂದು ಹೇಳಿದೆವು. ಹೊಳೆ ಗುಡ್ಡ ಹತ್ತಿ ಹೋಗುವುದೆಂತು ಎಂದು ಚಿಕ್ಕವಳು ಬೇಗೂರು ಬರುವವರೆಗೂ ಯೋಚಿಸುತ್ತಿದ್ದಳು.

ನಾವು ಹೋಗಿ ಎರಡು ದಿನಗಳಾದ ಮೇಲೆ ಮಕ್ಕಳು ಒಂದು ಮೇಕೆಮರಿಯನ್ನು ಅಟ್ಟಿಸಿಕೊಂಡು ಹಿತ್ತಿಲಿಗೆ ಹೋದವರು ಕೂಗಿಕೊಳ್ಳುತ್ತ ಬಂದರು: “ಅಪ್ಪಾ, ಮೇಕೆಯ ಮನೆಯ ಸೂರು ದೋಣಿ!” ಹೋಗಿ ನೋಡಿದೆವು. ನಾಲ್ಕು ಕಲ್ಲುಕಂಬಗಳ ಮೇಲೆ ಬೋರಲಾಗಿ ಹಾಕಿದ್ದ ಅದರ ಮೇಲೆ ಹುಲ್ಲಿನ ಹೊರೆಗಳು; ಒಂದು ಮಗ್ಗುಲು ಗೊಬ್ಬರದ ಗುಡ್ಡೆಗೆ ತಾಗಿತ್ತು. ಹುಲ್ಲನ್ನು ಸರಿಸಿ ಬೆರಳಿನಿಂದ ಕೆರೆದರೆ ಬೆಳ್ಳನೆಯ ಲೋಹ ಕಂಡಿತು. ಅಲ್ಯೂಮಿನಿಯಮ್! ಸುಮಾರು ಹನ್ನೆರಡು ಅಡಿ ಉದ್ದದ ದೋಣಿ. ಇಪ್ಪತ್ತು ವರ್ಷ ಆ ಹಿತ್ತಿಲಿನಲ್ಲಿ ಓಡಾಡಿದ ನಾವು ಅದನ್ನು ತಗಡಿನ ಸೂರೆಂದೇ ತಿಳಿದಿದ್ದೆವು.

ಮಾರನೆಯ ಬೆಳಿಗ್ಗೆಯೇ ಗುಜರಿಯವನು ತಕ್ಕಡಿಯೊಡನೆ ಬಂದನು. ಭಾವನವರು ಹಿಂದಿನ ವಾರವೇ ಅವನಿಗೆ ಹೇಳಿಕಳಿಸಿದ್ದರಂತೆ. ಅಲ್ಯೂಮಿನಿಯಮಿಗೆ ತೂಕದ ಮೇಲೆ ಒಳ್ಳೆಯ ಬೆಲೆಯಿದೆ. ದೊಡ್ಡ ಮಗಳ ವಿದ್ಯಾರ್ಥಿನಿಲಯದ ಹಣ ಕಟ್ಟುವ ದಿನವೂ ಹತ್ತಿರ ಬಂದಿತ್ತು. ಇದರಲ್ಲಿ ಭಾವನವರ ತಪ್ಪೇನೂ ಇಲ್ಲ. ಸಂಸಾರಸ್ಥರು ಯಾರಾದರೂ ಹಾಗೆಯೇ ಮಾಡುತ್ತಿದ್ದರು.

ಭಾವನವರ ತಂದೆಗೆ ಎಂಬತ್ತರ ಸಮೀಪದ ವಯಸ್ಸು. ಮನೆಯವರೆಲ್ಲ ಅವರನ್ನು ‘ಅಯ್ಯ’ ಎನ್ನುತ್ತಾರೆ. ನಮ್ಮ ಮಕ್ಕಳು ‘ತಾತ’ ಎನ್ನುತ್ತಾರೆ. ಅವರು ಜಗುಲಿಯ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಮಾರಬೇಡವೆಂದು ಒಂದು ಮಾತನ್ನೂ ಆಡಲಿಲ್ಲ. ನಮ್ಮ ಚಿಕ್ಕವಳು ಅವರ ಪಕ್ಕದಲ್ಲಿ ಕುಳಿತು, “ತಾತ, ಆ ದೋಣಿಯಲ್ಲಿ ಯಾರು ಕೂತ್ಕೋತಿದ್ರು?” ಎಂದು ಕೇಳಿದಳು.

“ನಮ್ಮವ್ವ” ಎಂದರು ಅಯ್ಯನವರು.

ಮೀನಿನ ದೋಣಿಯಲ್ಲಿ ಅವರ ತಾಯಿ ಕುಳಿತುದೇಕೆ? ಭಾವನವರೂ ತಿರುಗಿ ನೋಡಿದರು. ಅವರಿಗೂ ಆ ಕಥೆ ಗೊತ್ತಿರಲಿಲ್ಲ. ತಂದೆ ಒಂದು ಕಾಲದಲ್ಲಿ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದರೆಂಬುದನ್ನು ಮಾತ್ರ ಬಲ್ಲವರಾಗಿದ್ದರು.

ಅಯ್ಯನವರ ಹುಟ್ಟೂರು ಕಬಿನಿಯ ದಡದಲ್ಲಿತ್ತು. ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಬೀಚನಹಳ್ಳಿ ಬಿದರಹಳ್ಳಿಗಳ ಬಳಿ ೧೯೭೪ರಲ್ಲಿ ಅಣೆಕಟ್ಟಿನ ಕೆಲಸ ಮುಗಿದು ನೀರು ನಿಂತಾಗ, ಮೇಲ್ಗಡೆಯ ಹಲವು ಹಳ್ಳಿಗಳೊಡನೆ ಆ ಊರೂ ಮುಳುಗಿತು. ಊರವರು ಮೇಲಿನ ನೆಲಕ್ಕೆ ಬಂದು ಹೊಸ ಗುಡಿಸಲುಗಳನ್ನು ಕಟ್ಟಿಕೊಂಡರು. ಅಣೆಕಟ್ಟಿನ ಕೆಲಸಕ್ಕಾಗಿ ಗುತ್ತಿಗೆದಾರನೊಬ್ಬನು ತಂದಿದ್ದ ಈ ದೋಣಿಯನ್ನು, ಕೆಲಸ ಮುಗಿದ ಮೇಲೆ, ಅಯ್ಯನವರು ಅಗ್ಗದ ಬೆಲೆಗೆ ಕೊಂಡರು. ಮೀನು ಹಿಡಿಯುವುದು ಒಂದು ನೆಪ. ಪ್ರತಿ ವರ್ಷ ಬೇಸಗೆಯಲ್ಲಿ ನೀರು ಇಳಿದಾಗ ತಮ್ಮ ತಾಯಿಯನ್ನು ಅದರಲ್ಲಿ ಕೂರಿಸಿಕೊಂಡು, ತಮ್ಮ ಮನೆ ಇದ್ದ ಜಾಗದ ಮೇಲಕ್ಕೆ ಹುಟ್ಟು ಹಾಕಿಕೊಂಡು ಹೋಗುತ್ತಿದ್ದರು. ಒಣಗಿ ನಿಂತ ಒಂದು ಹುಣಿಸೆಮರದ ತಲೆ ಆ ಜಾಗದ ಗುರುತು. ಅವ್ವ ನೀರಿಗೆ ಅರಿಶಿನ ಕುಂಕುಮ ಹಾಕಿ, ಸ್ವಲ್ಪ ಹೊತ್ತು ಕುಳಿತಿದ್ದು, “ನಡಿ ಮಗ” ಎನ್ನುತ್ತಿದ್ದಳು. ಎಂಟು ಬೇಸಗೆ ಹೀಗೆ ನಡೆಯಿತು. ಅವಳು ತೀರಿಕೊಂಡ ಮೇಲೆ ಅಯ್ಯನವರು ಹೆಂಡತಿಯ ತವರಿನ ಕಡೆಯ ಈ ಒಣಭೂಮಿಗೆ ಬಂದರು. ಪಾತ್ರೆಪಡಗಗಳೊಡನೆ ದೋಣಿಯನ್ನೂ ಲಾರಿಗೆ ಹಾಕಿಕೊಂಡು ಬಂದರು. ನೀರಿಲ್ಲದ ಊರಿಗೆ ದೋಣಿ ತಂದ ಹುಚ್ಚನೆಂದು ಜನ ನಕ್ಕರಂತೆ.

ಇದಿಷ್ಟನ್ನು ಹೇಳಿ ಅಯ್ಯನವರು ಎಲೆ ಅಡಿಕೆಯ ಚೀಲವನ್ನು ಬಿಚ್ಚಿದರು. ಭಾವನವರು ಗುಜರಿಯವನಿಗೆ ಕಾಫಿ ಕೊಡಿಸಿ ಕಳಿಸಿಬಿಟ್ಟರು. ವಿದ್ಯಾರ್ಥಿನಿಲಯದ ಹಣಕ್ಕೆ ಎರಡು ಮೇಕೆಗಳು ಹೋದವು. ಮೇಕೆಯ ಸೂರು ಉಳಿಯಿತು, ಮೇಕೆಗಳು ಹೋದವು ಎಂದು ನಮ್ಮ ಅಕ್ಕ ನಗುತ್ತಲೇ ಗೊಣಗಿಕೊಂಡಳು.

ದೋಣಿಯನ್ನು ಮತ್ತೆ ನೀರಿಗೆ ಇಳಿಸಬೇಕೆಂದು ಅಂದೇ ನಿಶ್ಚಯವಾಯಿತು. ನಾಲ್ಕು ಮಂದಿ ಅದನ್ನು ನಿರಾಯಾಸವಾಗಿ ಎತ್ತಿ ಅಂಗಳಕ್ಕೆ ತಂದೆವು. ಈ ಲೋಹದ ತೂಕ ಕಬ್ಬಿಣದ ಮೂರರಲ್ಲೊಂದು ಪಾಲು ಮಾತ್ರ, ತುಕ್ಕೂ ಹಿಡಿಯುವುದಿಲ್ಲ. ಗಾಳಿ ತಗುಲಿದೊಡನೆ ಅದರ ಮೈಮೇಲೆ ತೆಳುವಾದ ಒಂದು ಪೊರೆ ತಾನಾಗಿ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಆದರೆ ತೇವದ ಗೊಬ್ಬರ ವರ್ಷಗಟ್ಟಲೆ ಅಂಟಿಕೊಂಡಿದ್ದರೆ ಆ ಪೊರೆಗೂ ಉಳಿಗಾಲವಿಲ್ಲ. ಗೊಬ್ಬರಕ್ಕೆ ತಾಗಿದ್ದ ಮಗ್ಗುಲಿನಲ್ಲಿ ಬಿಳಿಯ ಪುಡಿಯೆದ್ದು, ಸಿಡುಬಿನ ಕಲೆಗಳಂತೆ ಗುಳಿಗಳು ಬಿದ್ದಿದ್ದವು.

ಮೊದಲ ಕೆಲಸ ತೊಳೆಯುವುದು. ನಮ್ಮವರು ಬಟ್ಟೆಸೋಡವನ್ನು ತರಹೊರಟಾಗ ಅಕ್ಕ ತಡೆದಳು. ಅಲ್ಯೂಮಿನಿಯಮ್ ಪಾತ್ರೆಯನ್ನು ಸೋಡದಲ್ಲಿ ತೊಳೆದರೆ ಕಪ್ಪಾಗಿ ಸವೆಯುತ್ತದೆಂಬುದನ್ನು ಯಾವ ಗೃಹಿಣಿಯೂ ಬಲ್ಲಳು. ದೋಣಿಯೂ ಒಂದು ದೊಡ್ಡ ಪಾತ್ರೆಯೇ ಅಲ್ಲವೆ? ಸೀಗೆಪುಡಿ, ತೆಂಗಿನ ನಾರು, ಬೇಕಾದಷ್ಟು ನೀರು. ಒಂದು ದಿನವೆಲ್ಲ ಹೆಂಗಸರೂ ಮಕ್ಕಳೂ ಉಜ್ಜಿದರು.

ಮರುದಿನ ಮೈಸೂರಿನಿಂದ ಒಬ್ಬ ಮೇಸ್ತ್ರಿ ಬಂದರು. ದೋಣಿ ಕಟ್ಟುವವರಲ್ಲ, ಬಸ್ಸಿನ ಬಾಡಿ ಕಟ್ಟುವವರು. ಅಲ್ಯೂಮಿನಿಯಮ್ ತಗಡುಗಳನ್ನು ರಿವೆಟ್ಟುಗಳಿಂದ ಜೋಡಿಸುವ ವಿದ್ಯೆ ಬಸ್ಸಿಗೂ ದೋಣಿಗೂ ಒಂದೇ. ವಿಮಾನಕ್ಕೂ ಅದೇ. ಬೆಂಗಳೂರಿನಲ್ಲಿ ೧೯೪೦ರಲ್ಲಿ ವಿಮಾನದ ಕಾರ್ಖಾನೆ ಸ್ಥಾಪಿತವಾದಾಗ ನಮ್ಮ ನಾಡಿಗೆ ಆ ಕುಶಲತೆ ಬಂದಿತು. ಯುದ್ಧಾನಂತರ ಆ ಕಾರ್ಖಾನೆ ರೈಲುಗಾಡಿಗಳನ್ನೂ ಕಟ್ಟಿತು. ಅಮೆರಿಕದಲ್ಲಿಯೂ ಗ್ರುಮ್ಮನ್ ಎಂಬ ವಿಮಾನದ ಕಂಪನಿ ೧೯೪೫ರಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ, ಅಲ್ಯೂಮಿನಿಯಮಿನ ಸಣ್ಣ ದೋಣಿಗಳನ್ನು ಮಾಡತೊಡಗಿತು. ಆಕಾಶದಲ್ಲಿ ಹಾರುವುದಕ್ಕೆ ಬೇಕಾದ ಹಗುರವಾದ ಮೈಯೇ ನೀರಿನಲ್ಲಿ ತೇಲುವುದಕ್ಕೂ ಒದಗಿತು.

ಮೇಸ್ತ್ರಿಗಳು ದೋಣಿಯ ಅಡಿಗೆ ಮರಳಿನ ಚೀಲಗಳನ್ನು ಆನಿಸಿ, ಒಳಗೆ ಒಂದು ಗೇಣಿನಷ್ಟು ನೀರು ಹೊಯ್ಯಿಸಿದರು. ದೋಣಿಯೊಳಗೆ ನೀರು ಬರುವ ದಾರಿಯನ್ನು ತಿಳಿಯಬೇಕಾದರೆ ದೋಣಿಯಿಂದ ನೀರು ಹೋಗುವ ದಾರಿಯನ್ನು ನೋಡಬೇಕಷ್ಟೆ. ಮಕ್ಕಳು ಸೀಮೆಸುಣ್ಣ ಹಿಡಿದು ಹೊಟ್ಟೆಯ ಮೇಲೆ ಮಲಗಿ, ಹನಿಯುವ ಕಡೆಗಳಿಗೆಲ್ಲ ಗುರುತು ಹಾಕಿದರು. ಹನ್ನೊಂದು ಗುರುತುಗಳಾದವು. ಸಡಿಲವಾಗಿದ್ದ ರಿವೆಟ್ಟುಗಳಿಗೆ ಒಬ್ಬರು ಒಳಗಿನಿಂದ ಕಬ್ಬಿಣದ ಗುಂಡನ್ನು ಒತ್ತಿ ಹಿಡಿದು, ಇನ್ನೊಬ್ಬರು ಹೊರಗಿನಿಂದ ಸುತ್ತಿಗೆಯಲ್ಲಿ ಬಡಿದು ಬಿಗಿಮಾಡಿದರು. ಸವೆದುಹೋದವನ್ನು ಕೊರೆದು ತೆಗೆದು ಹೊಸವನ್ನು ಹಾಕಿದರು. ಗುಳಿಬಿದ್ದ ಮಗ್ಗುಲಿಗೆ ನಡುವೆ ನೀರು ತಡೆಯುವ ಅಂಟನ್ನು ಬಳಿದು ಅದೇ ಲೋಹದ ತೇಪೆಯನ್ನು ಹೊಲಿದಂತೆ ಕೂರಿಸಿದರು. ಗೆದ್ದಲು ತಿಂದಿದ್ದ ಹಲಗೆಗಳ ಬದಲಿಗೆ ಹೊನ್ನೆಯ ಹಲಗೆಗಳು ಬಂದವು. ದೋಣಿ ಮಗುಚಿದರೂ ಮುಳುಗದಿರಲೆಂದು ಬಾಯಿ ಬಿಗಿದ ಖಾಲಿ ಡಬ್ಬಗಳನ್ನು ಹಲಗೆಗಳ ಕೆಳಗೆ ಕಟ್ಟಿದರು. ಸುತ್ತಿಗೆಯ ಸದ್ದಿಗೆ ಊರಿನ ಅರ್ಧ ಜನ ನಮ್ಮ ಅಂಗಳದಲ್ಲಿ ಸೇರಿದರು.

ಅಯ್ಯನವರು ಎಲ್ಲವನ್ನೂ ನೋಡುತ್ತ, ಸಂಜೆಗಳಲ್ಲಿ ಮಕ್ಕಳಿಗೆ ಹರಿಗೋಲಿನ ವಿಷಯ ಹೇಳುತ್ತಿದ್ದರು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹಿಂದಿನ ಕಾಲದಲ್ಲಿ ಚರ್ಮವನ್ನೂ ಈಗ ಟಾರು ಬಳಿದ ಹಾಳೆಯನ್ನೂ ಹೊದಿಸುವ ಆ ಗುಂಡು ದೋಣಿಯಲ್ಲಿಯೇ ಅವರು ಬಾಲ್ಯದಲ್ಲಿ ಹುಟ್ಟು ಹಾಕುವುದನ್ನು ಕಲಿತದ್ದು. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ಜನರು ಬುಟ್ಟಿಯಂತಹ ಚರ್ಮದ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಮಂದಿ ಹಿಡಿಸುತ್ತಿದ್ದರಂತೆ. ನಾವು ಇದನ್ನು ಹೇಳಿದಾಗ ಅಯ್ಯನವರು ಆಶ್ಚರ್ಯಪಡಲಿಲ್ಲ. “ಹರಿಗೋಲು ತಿರುಗ್ತದೆ, ಇದು ನೆಟ್ಟಗೆ ಹೋಗ್ತದೆ. ಅಷ್ಟೇ ವ್ಯತ್ಯಾಸ. ಎರಡರೊಳಗೂ ನೀರು ಒಂದೇ ಥರ ಬರ್ತದೆ” ಎಂದರು.

ಆಯುಧಪೂಜೆಯ ದಿನ ನೇಗಿಲು, ಪಂಪುಸೆಟ್ಟು, ಹೊಲಿಗೆಯಂತ್ರಗಳ ಸಾಲಿನಲ್ಲಿ ದೋಣಿಗೂ ಕುಂಕುಮ, ಚೆಂಡುಹೂವಿನ ಹಾರ, ಬೂದುಗುಂಬಳಕಾಯಿ. ಮರುದಿನ ವಿಜಯದಶಮಿ, ಹೊಸ ಕಾರ್ಯಕ್ಕೆ ಅದಕ್ಕಿಂತ ಶುಭದಿನವುಂಟೆ? ಗ್ರಾಮಪಂಚಾಯಿತಿಯವರಿಂದಲೂ ಕೆರೆಯ ಮೀನನ್ನು ಗುತ್ತಿಗೆ ಹಿಡಿದವರಿಂದಲೂ ಭಾವನವರು ಮೊದಲೇ ಅಪ್ಪಣೆ ಪಡೆದಿದ್ದರು. ನಂಟರಿಷ್ಟರು ಬಂದರು. ಏರಿಯ ಮೇಲೆ ಜಾತ್ರೆಯಂತೆ ಜನ. ದಕ್ಷಿಣದಲ್ಲಿ ಹಿಮವದ್ಗೋಪಾಲಸ್ವಾಮಿ ಬೆಟ್ಟದ ತಲೆಗೆ ಮೋಡ ಕವಿದಿತ್ತು, ಕೆಳಗೆ ಅರಿಶಿನದ ಹೊಲಗಳು ಎದೆಯೆತ್ತರ ಹಸುರಾಗಿದ್ದವು, ಕೆರೆ ತುಂಬಿತ್ತು.

ಖಾಲಿ ದೋಣಿಯನ್ನು ಹಗ್ಗ ಕಟ್ಟಿ ನೀರಿಗೆ ಬಿಟ್ಟೆವು. ತೇಲಿತು! ಜನರೆಲ್ಲ ಕೇಕೆ ಹಾಕಿದರು. ಮಕ್ಕಳು ತೇಲುವಂಗಿಗಳನ್ನು ತೊಟ್ಟು ಸಿದ್ಧರಾಗಿದ್ದರು. ಅಯ್ಯನವರು ಮಾತ್ರ ದಡದಲ್ಲಿ ಕುಳಿತು ಅರ್ಧ ಗಂಟೆ ಯಾರನ್ನೂ ಹತ್ತಗೊಡಲಿಲ್ಲ. ಅನಂತರ ದೋಣಿಯನ್ನು ಎಳೆಸಿ ನಡುಹಲಗೆಯ ಕೆಳಗೆ ಕೈಯಿಟ್ಟು ನೋಡಿದರು. ಅಂಗೈಯಗಲದ ನೀರು ನಿಂತಿತ್ತು.

“ಇಷ್ಟು ಇದ್ದೇ ಇರ್ತದೆ ಯಜಮಾನ್ರೆ, ಚೊಂಬಿನಲ್ಲಿ ಎತ್ತಿಹಾಕಿದರಾಯ್ತು” ಎಂದರು ಮೇಸ್ತ್ರಿಗಳು.

“ಇವತ್ತು ಬ್ಯಾಡ ಕನಪ್ಪ” ಎಂದರು ಅಯ್ಯನವರು.

ಎಲ್ಲರ ಮುಖವೂ ಬಾಡಿತು. ದೂರದಿಂದ ಬಂದ ನಂಟರು, ಶುಭದಿನ, ತುಂಬಿದ ಏರಿ! ಭಾವನವರು ಒಮ್ಮೆ ಬೇಡಿಕೊಂಡರು. ನಾವೂ ಒಂದು ಮಾತು ಸೇರಿಸಿದೆವು. ಈಗ ಆ ಮಾತಿಗಾಗಿ ನಾಚುತ್ತೇವೆ. ಅಯ್ಯನವರು ಕೋಪಿಸಿಕೊಳ್ಳಲಿಲ್ಲ. ಹಗ್ಗವನ್ನು ತಾವೇ ಸುತ್ತಿ ಹೆಗಲಿಗೆ ಹಾಕಿಕೊಂಡು ಏರಿಯಿಂದ ಇಳಿದರು. ಚಿಕ್ಕವಳು ಅಳುತ್ತ ಅವರ ಹಿಂದೆಯೇ ನಡೆದಳು.

ರಾತ್ರಿ ಊಟವಾದ ಮೇಲೆ ಅವರೇ ಹೇಳಿದರು: “ಅವ್ವನ್ನ ಕೂರಿಸೋ ಮುಂಚೆ ಪ್ರತಿ ವರ್ಷ ನಾನೊಬ್ಬನೇ ಮೂರು ಸಲ ಹೋಗಿ ಬರ್ತಿದ್ದೆ. ಒಳಗೆ ಒಣಗಿದ್ರೇನೆ ಅವ್ವನ್ನ ಕರೀತಿದ್ದೆ. ಒಂದು ವರ್ಷ ಆಗಲೇ ಇಲ್ಲ, ಹೋಗಲಿಲ್ಲ. ಅವ್ವ ಏನೂ ಅನ್ನಲಿಲ್ಲ.” ಸ್ವಲ್ಪ ಹೊತ್ತಿನ ಮೇಲೆ, “ಆ ನೀರು ನಮ್ಮ ಊರನ್ನೇ ತಗೊಂಡಿತ್ತು. ಇನ್ನೊಂದನ್ನ ಕೊಡೋಕೆ ನನಗೆ ಮನಸ್ಸಿರಲಿಲ್ಲ” ಎಂದರು. ಯಾರೂ ಮಾತಾಡಲಿಲ್ಲ. ಮೇಸ್ತ್ರಿಗಳು ಬೆಳಿಗ್ಗೆಯ ಬಸ್ಸಿಗೆ ಹೊರಡಬೇಕಾಗಿದ್ದವರು, ತಾವಾಗಿಯೇ ಉಳಿದರು.

ಮರುದಿನ ನಡುಹಲಗೆಯನ್ನು ಬಿಚ್ಚಿದಾಗ ಕಾರಣ ತಿಳಿಯಿತು. ಹಲಗೆಯ ಕಾಲನ್ನು ತಳಕ್ಕೆ ಬಿಗಿಯಲು ಯಾವ ಕಾಲದಲ್ಲಿಯೋ ಯಾರೋ ಕಬ್ಬಿಣದ ಬೋಲ್ಟನ್ನು ಹಾಕಿದ್ದರು. ಎರಡು ಬೇರೆ ಬೇರೆ ಲೋಹಗಳು ತಾಗಿಕೊಂಡು ನೀರಿನಲ್ಲಿ ನೆನೆದರೆ ಬ್ಯಾಟರಿಯ ಒಳಗೆ ನಡೆಯುವಂತಹ ಕ್ರಿಯೆ ಅಲ್ಲಿಯೂ ನಡೆಯುತ್ತದೆ. ಮೃದುವಾದ ಅಲ್ಯೂಮಿನಿಯಮ್ ಕರಗುತ್ತ ಹೋಗುತ್ತದೆ. ತಾಮ್ರ ಹಿತ್ತಾಳೆಗಳಾದರಂತೂ ಇನ್ನೂ ಬೇಗ. ಬೋಲ್ಟಿನ ಸುತ್ತ ತಗಡು ಕಾಗದದಷ್ಟು ತೆಳ್ಳಗಾಗಿತ್ತು. ಮೇಸ್ತ್ರಿಗಳು ಹೆಬ್ಬೆರಳಿನಿಂದ ಒತ್ತಿದರೆ ಬೆರಳು ಆಚೆಗೆ ಬಂದಿತು! ಹಿಂದಿನ ದಿನ ಮಕ್ಕಳು ಆ ಹಲಗೆಯ ಮೇಲೆ ಕುಳಿತು ನಡುಗೆರೆಗೆ ಹೋಗಿದ್ದರೆ? ಭಾವನವರು ಆ ತೂತನ್ನು ನೋಡಿದರು, ತಂದೆಯನ್ನು ನೋಡಿದರು, ಏನೂ ಹೇಳದೆ ತೇಪೆಯ ತಗಡನ್ನು ಕತ್ತರಿಸಲು ಕುಳಿತರು.

ಮೂರನೆಯ ದಿನ ಏರಿಯ ಮೇಲೆ ಮನೆಯವರ ಹೊರತು ಯಾರೂ ಇರಲಿಲ್ಲ. ಶುಭಮುಹೂರ್ತವೂ ಇರಲಿಲ್ಲ. ತೇಲುವಂಗಿ ತೊಟ್ಟು ಅಯ್ಯನವರು ಒಬ್ಬರೇ ಹುಟ್ಟು ಹಿಡಿದರು. ನಲವತ್ತು ವರ್ಷ ನೀರು ಮುಟ್ಟದ ಕೈಗಳು ಮೊದಲೆರಡು ಬಾರಿ ತಡಕಾಡಿದವು; ಮೂರನೆಯದಕ್ಕೆ ದೋಣಿ ನೆಟ್ಟಗೆ ಹೋಯಿತು. ಒಮ್ಮೆ ಕೋಡಿಯವರೆಗೆ ಹೋಗಿ ಬಂದರು, ಒಳಗೆ ಕೈಯಾಡಿಸಿದರು, ಎರಡನೆಯ ಸಲ ಹೋಗಿ ಬಂದರು, ಮೂರನೆಯ ಸಲ. ಅನಂತರ ಚಿಕ್ಕವಳನ್ನು ಕರೆದು, ಹಲಗೆಯ ಕೆಳಗೆ ಅವಳ ಕೈಯನ್ನೇ ಇಡಿಸಿದರು. “ಒಣಗಿದೆ ತಾತ” ಎಂದಳು. “ಹಾಗಾದ್ರೆ ಕೂತ್ಕೊ” ಎಂದರು.

ಕೆರೆಯ ನಡುವೆ ದೋಣಿಯನ್ನು ನಿಲ್ಲಿಸಿ ಅಯ್ಯನವರು ಕೇಳಿದರಂತೆ, ಈ ನೀರು ಎಲ್ಲಿಂದ ಬರುತ್ತದೆಂದು. ಬಸ್ಸಿನಲ್ಲಿ ಕಲಿತ ಪಾಠವನ್ನು ಚಿಕ್ಕವಳು ಒಪ್ಪಿಸಿದಳು: ಕಬಿನಿಯ ಹೊಳೆಯಿಂದ, ಕೊಳವೆಯಲ್ಲಿ, ಗುಡ್ಡ ಹತ್ತಿ. ಅಯ್ಯನವರಿಗೆ ಇದು ತಿಳಿಯದ ವಿಷಯವೇ? ಅಣೆಕಟ್ಟನ್ನು ಇಳಿದು ಬಂದ ಹೊಳೆಯಲ್ಲವೆ ಅದು! ಆದರೂ ಮಗುವಿನ ಬಾಯಿಂದ ಕೇಳಿ, “ಹಂಗಾದ್ರ ನಮ್ಮೂರ ಮೇಲಿಂದಲೇ ಬಂದದೆ” ಎಂದು ಬೊಗಸೆಯಲ್ಲಿ ಒಂದಿಷ್ಟು ಎತ್ತಿ ಕಣ್ಣಿಗೊತ್ತಿಕೊಂಡರೆಂದು ಅವಳು ರಾತ್ರಿ ನಮಗೆ ಹೇಳಿದಳು. ದಡದಲ್ಲಿದ್ದ ನಮಗೆ ಅವರು ಮುಖ ತೊಳೆದುಕೊಂಡಂತೆ ಮಾತ್ರ ಕಂಡಿತ್ತು.

ಈಗ ಆ ದೋಣಿ ಮನೆಯ ಮುಂದಿನ ಹುಣಿಸೆಮರದ ಕೆಳಗೆ, ನೆಲ ತಾಗದಂತೆ ಎರಡು ದಿಮ್ಮಿಗಳ ಮೇಲೆ, ಬೋರಲಾಗಿ ಮಲಗಿರುತ್ತದೆ. ಭಾನುವಾರಗಳಲ್ಲಿ ಮನೆಯವರು ಅದರಲ್ಲಿ ಕೆರೆಯನ್ನು ಸುತ್ತುತ್ತಾರೆ. ಗಾಳಿಯೆದ್ದ ದಿನ ಇಳಿಸುವುದಿಲ್ಲ. ನಾಲ್ವರಿಗಿಂತ ಹೆಚ್ಚು ಜನ ಹತ್ತುವುದಿಲ್ಲ. ತೇಲುವಂಗಿಯಿಲ್ಲದೆ ಯಾರನ್ನೂ ಹತ್ತಿಸುವುದಿಲ್ಲ. ಹತ್ತುವ ಮೊದಲು ಹಲಗೆಯ ಕೆಳಗೆ ಕೈಯಿಟ್ಟು ನೋಡುವ ಕೆಲಸ ಮನೆಯ ಅತಿ ಕಿರಿಯರದು. ಮೇಕೆಗಳಿಗೆ ಹೊಸ ತಗಡಿನ ಸೂರಾಗಿದೆ.

ಊಟಿಯ ದಾರಿಯಲ್ಲಿ ಹೋಗುವ ವಾಚಕರು ಬೇಗೂರಿನಲ್ಲಿ ಬಸ್ಸು ನಿಂತಾಗ ಕಾಫಿಯನ್ನು ಕುಡಿಯಲಿ, ಚೆನ್ನಾಗಿರುತ್ತದೆ. ಆ ಐದು ನಿಮಿಷದಲ್ಲಿ ತಮ್ಮ ಮನೆಯ ಹಿತ್ತಿಲಿನಲ್ಲಿ ಬೋರಲಾಗಿ ಬಿದ್ದಿರುವುದು ಏನೆಂಬುದನ್ನು ಒಮ್ಮೆ ನೆನೆದುಕೊಂಡರೆ, ಮತ್ತು ಗುಜರಿಯವನಿಗೆ ಹೇಳಿಕಳಿಸುವ ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳಿದರೆ, ನಾವು ಇದನ್ನು ಬರೆದುದು ಸಾರ್ಥಕವೆಂದುಕೊಳ್ಳುತ್ತೇವೆ.